ಕೆನ್ನೆ ಮೇಲಿನ ಮೈಕು

ಸೋಮವಾರ ಕಣಮ್ಮ, ಭಾನುವಾರ ಅಲ್ಲ! ತೊಂಬತ್ತೊಂದನೇ ಇಸವಿ, ಗಣೇಶನ್ನ ನೀರಿಗೆ ಬಿಟ್ಟ ಮಾರನೇ ದಿನ. ನಾನು ಮೊದಲನೇ ಸಲ ಮನೆ ಬಿಟ್ಟ ದಿನ ನಂಗೆ ಗೊತ್ತಿರಲ್ವಾ? ಏಳನೇ ಕ್ಲಾಸು, ಬೆಳಿಗ್ಗೆ ಲೆಕ್ಕದ ಟೆಸ್ಟು. ಹಲಸೂರಲ್ಲಿ ನಮ್ಮ ಬೀದಿ ಆರ್ಕೆಸ್ಟ್ರಾ ಮುಗಿದು, ಸೌಂಡಿನೋರು ಬಾಕ್ಸುಗಳನ್ನ ಲಾರಿಗೆ ಏರಿಸ್ತಿದ್ರು. ಸ್ಕೂಲಿಗೆ ಹೊರಟವನು ಒಂದು ಕೈ ಹಾಕೋಣ ಅಂತ ಒಂದು ಬಾಕ್ಸ್ ಎತ್ತಿದೆ. ಇನ್ನೊಂದು ಎತ್ತಿದೆ. ಮೂರನೇದು ಎತ್ತೋ ಹೊತ್ತಿಗೆ ನಾನೇ ಲಾರಿ ಮೇಲಿದ್ದೆ. ಲಾರಿ ಹೊರಡ್ತು... ನಾನು ಇಳೀಲಿಲ್ಲ. ಅಷ್ಟೇ! ಕೋಲಾರ ದಾಟಿದ ಮೇಲೆ ಡ್ರೈವರು ಹಿಂದೆ ತಿರುಗಿ, "ಯಾವನೋ ನೀನು?" ಅಂದ. "ಸೌಂಡು" ಅಂದೆ.

ನಗ್ಬೇಡ ತೇಜು. ನಕ್ಕರೆ ಕೆನ್ನೆ ಉಬ್ಬತ್ತೆ, ಮೈಕು ಜಾಗ ಬಿಡತ್ತೆ. ಗಲ್ಲ ಎತ್ತು. ಹಾಂ... ಹಂಗೇ ಇರು. ಬಾಯಿ ತುದಿಯಿಂದ ಎರಡು ಬೆರಳು ದೂರ, ತುಟಿಗಿಂತ ಒಂದು ಚೂರು ಹಿಂದೆ. ಎದುರಿಗೆ ಇಟ್ರೆ ಉಸಿರೆಲ್ಲ ಒಳಗೆ ಹೋಗಿ ಬಿರುಗಾಳಿ ಬೀಸಿದ ಹಂಗೆ ಕೇಳತ್ತೆ. ಪ್ಲಾಸ್ಟರ್ ಹಚ್ತೀನಿ, ತಣ್ಣಗಿರತ್ತೆ, ಬೆಚ್ಚಬೇಡ.

ಏನು? ಇಷ್ಟು ಶಾಸ್ತ್ರ ಯಾಕೆ ಅಂತೀಯಾ? ಶನಿವಾರ ಇಂದಿರಾನಗರದಲ್ಲಿ ಶೋ ಇರೋದು ನಿಂದೋ ನಂದೋ? ಇವತ್ತಾಗ್ಲೇ ಗುರುವಾರ. ಮೂರು ಜನ ಹುಡುಗೀರು ಎರಡು ಗಂಟೆ ಕುಣೀತಾ ಹಾಡ್ಬೇಕು, ಕೈಯಲ್ಲಿ ಮೈಕ್ ಹಿಡಿದು ಕುಣಿಯೋಕಾಗಲ್ಲ. ಮೂರು ಜನಕ್ಕೂ ಒಂದೇ ಥರದ್ದು ಬೇಕು. ಶಿವಾಜಿನಗರದ ಫಹೀಮ್ ಈ ಮೂರು ನಮೂನೆ ಕೊಟ್ಟಿದಾನೆ, ಇವತ್ತು ಸಂಜೆ ಒಳಗೆ ಯಾವ್ದು ಅಂತ ಹೇಳಿದ್ರೆ ಅದೇ ಥರದ್ದು ಇನ್ನೆರಡು ತೆಗೆದಿಡ್ತಾನೆ. ತಂಡ ನಿಂದು, ಹೆಸರು ನಿಂದು. ಸೌಂಡು ಮಾತ್ರ ಈ ಮುನೀಂದ್ರಂದು. ಎರಡು ವರ್ಷ ಆಯ್ತು ನಿನ್ನ ಜೊತೆ! ನಾನು ಒಂದು ಕಡೆ ಎರಡು ವರ್ಷ ನಿಂತಿದ್ದು ನನ್ನ ಜೀವಮಾನದಲ್ಲೇ ಇಲ್ಲ. ಕಾಲು ಕೆರೀತಾನೇ ಇರತ್ತೆ, ನಾನೇ ಸುಮ್ನಿರು ಅಂತ ಗದರಿಸಿ ಕೂರಿಸ್ಕೊಂಡಿದೀನಿ.

ಸರಿ, ಮೊದಲನೇದು. ಎರಡೂ ಕಿವಿಗೆ ಕೊಕ್ಕೆ, ಹಿಂದೆ ಕತ್ತಿಗೆ ಅಂಟಿಕೊಂಡ ತಂತಿ. ನೋಡೋಕೆ ಜಿಮ್ಮಲ್ಲಿ ಕೂಗೋ ಮಾಸ್ಟರ್ ಥರ ಇದೆ, ಆದ್ರೂ ಗಟ್ಟಿ. ಇದು ಬಾಯಿ ಕಡೆ ಮಾತ್ರ ಕಿವಿ ಕೊಡತ್ತೆ, ಅಕ್ಕಪಕ್ಕದ ಸ್ಪೀಕರು ಡ್ರಮ್ಮು ಏನೂ ಇದಕ್ಕೆ ಬೇಡ. ಹೇಳು: ಪಪ್ಪಾಯ, ಪುಟಾಣಿ, ಪಂಪ್‌ಸೆಟ್ಟು... ಇನ್ನೊಂದ್ಸಲ. ಪಂಪ್‌ಸೆಟ್ಟು! ಬಾಂಬ್ ಬಿದ್ದ ಹಂಗೆ ಕೇಳ್ತಿಲ್ಲ, ಒಳ್ಳೇದು. ಈಗ ಪಲ್ಲವಿ ಹಾಡ್ತಾ ಮೂರು ಸುತ್ತು ತಿರುಗು. ಜೋರಾಗಿ! ಶನಿವಾರ ಹಿಂಗೆ ಬಸುರಿ ನಡೆದ ಹಂಗೆ ತಿರುಗ್ತೀಯಾ?

ನಿಲ್ಲು ನಿಲ್ಲು. ನೋಡು, ಎರಡನೇ ಸುತ್ತಿಗೆ ಅರ್ಧ ಇಂಚು ಜರುಗ್ತು, ಧ್ವನಿ ಬಾವಿಗೆ ಬಿದ್ದ ಹಂಗಾಯ್ತು. ಒಂದೇ ಕಡೆ ಕಿವಿ ಕೊಡೋರ ಗೋಳೇ ಇದು, ನೀನು ಸ್ವಲ್ಪ ಪಕ್ಕಕ್ಕೆ ಸರಿದ್ರೂ ಮುನಿಸ್ಕೊಂಡ್ಬಿಡ್ತಾರೆ. ಮೇಲಾಗಿ ನಿನ್ನ ಜುಮುಕಿ! ಟಣ್ ಟಣ್ ಅಂತ ತಂತಿಗೆ ಹೊಡೀತಿದೆ. ಸ್ಟೇಜ್ ಮೇಲೆ ಜುಮುಕಿ ಬೇಡ, ಓಲೆ ಹಾಕು. ಇಲ್ಲ, ಚೌಕಾಸಿ ಇಲ್ಲ! ಮಿಕ್ಕಿದ್ದು ಹೆಂಗಿತ್ತು, ಆ ಚೂಪು, ಆ ಮೇಲ್ಗಡೆ ಧ್ವನಿ? ನಿಂಗೆ ಹೆಂಗನಿಸ್ತು, ನೀನೇ ಹೇಳು... ಸ್ವಲ್ಪ ಚುಚ್ಚತ್ತಾ? ಹಾಂ, ನಾನೂ ಅದನ್ನೇ ಹೇಳೋಣ ಅಂತಿದ್ದೆ. ಚುಚ್ಚತ್ತೆ.

ತಡಿ. ಮೇಲೆ ಹೆಲಿಕಾಪ್ಟರ್ ಹೋಗ್ಲಿ. ಕೇಳಿಸ್ಲಿಲ್ವಾ ನಿಂಗೆ? ವಿಮಾನದ ಫ್ಯಾಕ್ಟರಿ ಕಡೆಯಿಂದ ಬರ್ತಿದೆ... ಈಗ ಕೇಳಿಸ್ತಾ? ನೋಡಿದ್ಯಾ! ನಿನಗಿಂತ ಮೊದಲು ನಂಗೆ ಕೇಳ್ತು. ನಲವತ್ತೇಳು ವರ್ಷದ ಕಿವಿ ಇದು! ಹೊಸ ತಿಪ್ಪಸಂದ್ರದಲ್ಲಿ ಪ್ರಾಕ್ಟೀಸ್ ರೂಮ್ ಮಾಡ್ಬೇಡ ಅಂದೆ ನಿಂಗೆ. ಕೆಳಗೆ ಮಾರ್ಕೆಟ್ ರೋಡಿನ ಗಲಾಟೆ, ಮೇಲೆ ಹೆಲಿಕಾಪ್ಟರು, ಮಧ್ಯ ನೀವು ಮೂರು ಜನ ಧಡ್ ಧಡ್ ಅಂತ.

ಈಗ ಎರಡನೇದು. ಒಂದೇ ಕಿವಿದು, ಕೂದಲೆಳೆ ಹಂಗಿದೆ ನೋಡು. ಕ್ಯಾಮೆರಾದಲ್ಲಿ ಕಾಣಲ್ಲ ಅಂತ ಫಹೀಮ್ ಹೊಗಳಿದ್ದೇ ಹೊಗಳಿದ್ದು. "ಚರ್ಮದ ಬಣ್ಣ ಭಾಯ್, ಹಾಕ್ಕೊಂಡ್ರೆ ಗೊತ್ತೇ ಆಗಲ್ಲ" ಅಂದ. ಯಾರ ಚರ್ಮದ ಬಣ್ಣನೋ! ನಿನ್ನ ಕೆನ್ನೆ ಮೇಲೆ ಇಟ್ರೆ ಸೇಮಿಗೆ ಅಂಟ್ಕೊಂಡ ಹಂಗೆ ಕಾಣತ್ತೆ. ಉಂಡೆದ್ದು ಬಾಯಿ ಒರೆಸ್ಕೊಂಡಿಲ್ಲ ಅಂತಾರೆ ಜನ. ನಗು, ನಗು. ಈಗ ನಕ್ಕರೆ ಪರವಾಗಿಲ್ಲ, ಇದು ಹೆಂಗಿದ್ರೂ ಬೀಳೋದೇ. ತಿರುಗು.

ಅಯ್ಯಯ್ಯೋ! ಎಲ್ಲಿಗೆ ಹೋಯ್ತು? ಕಿಟಕಿ ಹತ್ರ ನೋಡು... ಪರದೆಗೆ ಸಿಕ್ಕೊಂಡಿದೆ. ಪುಣ್ಯ, ಬೀದಿಗೆ ಹೋಗ್ಲಿಲ್ಲ! ಕೆಳಗಡೆ ಸೊಪ್ಪಿನವರು ಮೇಲೆತ್ತಿ ಕಟ್ಟಿನ ಜೊತೆ ಮಾರಿಬಿಡ್ತಿದ್ರು. ಇದು ಕೂತು ಭಾಷಣ ಮಾಡೋರಿಗೆ ಸರಿ, ಕುಣಿಯೋರಿಗಲ್ಲ. ವಾಪಸ್ಸು.

ಏನಂದೆ? ಫೋನಾ? ಯಾರ ಫೋನು? ನಂದಾ... ಹೂಂ, ಹೂಂ, ಗೊತ್ತು. ಬೇಕಂತ್ಲೇ ಎತ್ತಲಿಲ್ಲ. ಕೆಲಸದಲ್ಲಿ ಫೋನ್ ಎತ್ತಬಾರದು, ಅದು ನನ್ನ ನಿಯಮ. ಯಾವಾಗಿಂದ ಅಂದ್ರೆ? ಮೊದಲಿಂದಾನೂ! ಯಾಕೆ ಹಂಗೆ ನೋಡ್ತೀಯ? ಪಕ್ಕದ ಮನೆ ಕುಕ್ಕರಾ? ಕೂಗ್ತಾ? ಮೂರು ಸಲಾನಾ! ಕೇಳಿಸ್ತು ಬಿಡು. ಕುಕ್ಕರ್ ಎಣಿಸೋಕೆ ಬಂದಿದೀನಾ ನಾನು ಇಲ್ಲಿ?

ಬಾ, ಮೂರನೇದು ಹಾಕೋಕೆ ಮುಂಚೆ, ಇಷ್ಟೊತ್ತು ಕೈಯಲ್ಲಿ ಹಿಡಿದಿದ್ದ ಈ ಡಬ್ಬಿ, ಮೈಕಿನ ಧ್ವನಿ ಕಳಿಸೋದು, ಸೊಂಟಕ್ಕೆ ಕಟ್ಕೊ. ಬೆವರು ಇದಕ್ಕೆ ದೊಡ್ಡ ಶತ್ರು. ಕಿವಿ ಹಿಂದೆ ತಂತಿನ ಹಿಂಗೆ ಒಂದು ಸುತ್ತು ಜೋಲು ಬಿಡ್ತೀನಿ, ನೋಡ್ಕೊ, ಮಿಕ್ಕ ಇಬ್ಬರಿಗೂ ಕಲಿಸ್ಬೇಕು ನೀನು. ಬೆವರು ತಂತಿ ಹಿಡಿದು ಇಳೀತಾ ಇಳೀತಾ ಈ ಜೋಲು ತುದೀಲಿ ತೊಟ್ಟಿಕ್ಕಿ ಹೋಗತ್ತೆ, ಮೈಕಿನ ತಲೆಗೆ ಹೋಗಲ್ಲ. ಇನ್ನು ಡಬ್ಬಿಗೆ... ಡಬ್ಬಿಗೆ ಒಂದು ಕವಚ ಹಾಕ್ತೀನಿ. ಯಾವ ಕವಚ ಅಂತ ಕೇಳ್ಬೇಡ. ಕೇಳ್ಬೇಡ ಅಂದೆ! ಮೆಡಿಕಲ್ ಶಾಪಲ್ಲಿ ಸಿಗತ್ತೆ. ಹಾಂ, ಅದೇ. ನಗ್ಬೇಡ ಮಾರಾಯ್ತಿ! ನೀರು ಹೋಗದೆ ಇರೋದು ಅದೊಂದೇ, ಎಲ್ಲಾ ಸೌಂಡಿನೋರೂ ಅದನ್ನೇ ಹಾಕೋದು. ನನ್ನ ಕಷ್ಟ ಕೇಳು. ಬೆಳಿಗ್ಗೆ ಹೋಗಿ ಹನ್ನೆರಡು ಕೊಡಿ ಅಂದೆ. ಕೌಂಟರಲ್ಲಿದ್ದ ಹೆಂಗಸು ನನ್ನ ಬಿಳೀ ಗಡ್ಡ ನೋಡಿದ್ಲು. "ಶನಿವಾರದ ಪ್ರೋಗ್ರಾಮಿಗೆ ಮೇಡಂ" ಅಂದೆ. ಅದು ಇನ್ನೂ ಕೆಟ್ಟು ಹೋಯ್ತು! "ಮೂರು ಜನ ಹುಡುಗೀರು ಇದ್ದಾರೆ, ಕುಣೀತಾರೆ" ಅಂತ ವಿವರಿಸೋಕೆ ಹೋದೆ... ಇನ್ನು ಆ ಅಂಗಡಿ ಮುಂದೆ ನಾನು ಓಡಾಡೋ ಹಂಗಿಲ್ಲ.

ನಕ್ಕು ಮುಗೀತಾ? ಕಣ್ಣೊರೆಸ್ಕೊ.

ಮೂರು ಜನ ಅಂದ್ನಾ? ಹೌದು, ಮೂರು ಜನ. ನೀನು, ಮಾರಿಯಾ, ಆಮೇಲೆ... ಆ ಹೊಸ ಹುಡುಗಿ, ಯಮುನಾ. ನಾಳೆ ಬರ್ತಾಳಲ್ಲ.

ನಾಜಿಶ್ ವಿಷಯ ಯಾಕೀಗ? ಮುಗಿದು ಹೋಯ್ತಲ್ಲ ಅದು. ಎಷ್ಟು ಸಲ ಹೇಳ್ಲಿ ತೇಜು! ಭಾನುವಾರ ಕೃಷ್ಣರಾಜಪುರದಲ್ಲಿ ಏನಾಯ್ತು ಅಂತ ನೀನೇ ನೋಡ್ದೆ. ನಾಜಿಶ್ ಒಬ್ಬಳೇ ಹಾಡೋ ಹಾಡು, ಜನ ತುಂಬಿ ಕೂತಿದ್ರು, ಕುಯ್ಯ್ ಅಂತ ಸೀಟಿ ಶುರುವಾಯ್ತು. ಮಕ್ಕಳು ಕಿವಿ ಮುಚ್ಕೊಂಡ್ರು, ಮುಂದಿನ ಸಾಲಿನ ಯಜಮಾನರು ಎದ್ದು ಹೋದ್ರು. ಎಲ್ಲಾ ತಿರುಗಿ ನನ್ನ ಕಡೆ ನೋಡಿದ್ರು. ನಾನು ಸ್ಟೇಜ್ ನೋಡ್ದೆ. ಅವಳ ಕೈ ಆ ಬಾಡಿಗೆ ಮೈಕಿನ ಮೇಲಿತ್ತು! ಕೆನ್ನೆ ಹಿಂಗೆ ಮುಚ್ಕೊಂಡಿದ್ಲು. ಮೈಕಿನ ಸುತ್ತ ಕೈ ಮುಚ್ಚಿದ್ರೆ ಸೀಟಿ ಹೊಡೆಯೋದು ಯಾರಿಗಾದ್ರೂ ಗೊತ್ತು. ನಾನು ಸತ್ಯವನ್ನೇ ಹೇಳ್ದೆ, "ಕೈ ಇಟ್ಲು, ಅದಕ್ಕೇ" ಅಂತ. ಅವಳು ಅಳ್ತಾ ಹೋದ್ಲು. ಅವರಮ್ಮ ಮೆಹರುನ್ನೀಸಾ ನಿಮ್ಮೆಲ್ಲರ ಡ್ರೆಸ್ ಹೊಲಿಯೋರು, ಅಷ್ಟು ಜನದ ಮುಂದೆ ಮಾನ ಕಳೆದ್ಲು ಅಂತ ಮಗಳನ್ನ ಇನ್ನು ಕಳಿಸಲ್ಲ ಅಂದ್ರಂತೆ. ನಂಗೂ ಬೇಜಾರೇ. ಏನ್ಮಾಡೋದು, ಕೈ ಇಟ್ಟಿದ್ದು ಅವಳು ತಾನೇ?

ಏನೋ ಕೇಳ್ದೆ... ಕೈ ಮೊದಲಾ ಸೀಟಿ ಮೊದಲಾ? ಇದೆಂಥಾ ಪ್ರಶ್ನೆ! ಕೈ ಮೊದಲು. ಬಾ, ಹೊತ್ತಾಗ್ತಿದೆ, ಮೂರನೇದು.

ಇದು ನನ್ನ ಮನಸ್ಸಿಗೆ ಬಂದಿರೋದು. ಎರಡು ಕಿವಿ, ತೆಳ್ಳಗೆ, ಕಪ್ಪು ಬಣ್ಣ, ಯಾರ ಚರ್ಮದ ಹಂಗೂ ಇಲ್ಲ. ಇದು ಎಲ್ಲಾ ಕಡೆ ಕೇಳಿಸ್ಕೊಳ್ಳತ್ತೆ. ಜರುಗಿದ್ರೂ ಧ್ವನಿ ಬಿಡಲ್ಲ. ನೀವು ಬಗ್ಗಿ ಎದ್ದು ಬಿದ್ದು ಏನು ಮಾಡಿದ್ರೂ ಒಂದೇ ಸಮ ಬರತ್ತೆ, ಅದೇ ಇದರ ಗುಣ. ದೋಷ ಏನು ಅಂದ್ರೆ, ಸ್ಪೀಕರ್ ಶಬ್ದಾನೂ ಕೇಳಿಸ್ಕೊಳ್ಳತ್ತೆ, ಅದಕ್ಕೆ ಸೀಟಿ ಹೊಡೆಯೋ ಚಟ ಜಾಸ್ತಿ. ಸ್ಪೀಕರನ್ನ ನಿಮಗಿಂತ ಮುಂದೆ ಇಟ್ಟು, ಸೌಂಡ್ ಮಿಕ್ಸರ್ ಗುಂಡಿ ಮುಂದೆ ಕೂತವನು ಎಚ್ಚರವಾಗಿದ್ರೆ ಆಯ್ತು. ಕೂತಿರೋನು ನಾನೇ ತಾನೇ!

ಹಾಂ, ಹಾಕಿಯಾಯ್ತು. ನಾನು ಹೆಡ್‌ಫೋನ್ ಹಾಕ್ಕೋತೀನಿ. ಆ ಮೂಲೆಗೆ ಹೋಗು. ಹಾಡು... ಆಹಾ! ತಿರುಗು. ಬಗ್ಗು. ನೋಡಿದ್ಯಾ? ಒಂದು ಎಳೆ ಆಚೀಚೆ ಇಲ್ಲ! ಹಾರು. ಅಯ್ಯಪ್ಪಾ, ಬಂಗಾರ ಕಣೇ ಇದು! ಇದೇ, ಇದೇ. ಫಹೀಮ್‌ಗೆ ಹೇಳ್ಬಿಡ್ತೀನಿ.

ಯಾಕೆ ನಿಲ್ಲಿಸ್ದೆ? ಇನ್ನೊಂದು ಚರಣ ಇದೆಯಲ್ಲ. ಹಾಡು... ಹಾಡಮ್ಮ. ಯಾಕೆ ಹಲ್ಲು ಕಿರಿದು ಸುಮ್ನೆ ನಿಂತೆ? ಫೋಟೋಗೆ ನಿಂತ ಹಂಗೆ! ಏ ತೇಜು, ತಮಾಷೆ ಸಾಕು. ಏನು? ಏನು ತೋರಿಸ್ತಿದ್ದೀಯ? ಮಿಕ್ಸರಾ? ಮಿಕ್ಸರಿಗೇನಾಗಿದೆ...

ಲೈಟು.

ನಿನ್ನ ಮೈಕಿನ ಧ್ವನಿ ಅಳೆಯೋ ಲೈಟು ಹಸಿರು ದಾಟಿ ಹಳದಿಗೆ ಬಂದಿದೆ. ಕೆಂಪು ಕೂಡ ಹತ್ತಿ ಹತ್ತಿ ಆರ್ತಿದೆ. ಅಂದ್ರೆ ನೀನು... ಸುಮ್ನೆ ನಿಂತಿಲ್ಲ.

ಸ್ಸ್ ಅಂತಿದ್ದೀಯ. ಅಲ್ವಾ? ಹಲ್ಲು ಕಚ್ಚಿ ಸ್ಸ್ ಅಂತಿದ್ದೀಯ, ಅಷ್ಟು ಜೋರಾಗಿ ಅಂತಿದ್ದೀಯ... ನಂಗೆ ಏನೂ ಇಲ್ಲ. ಹೆಡ್‌ಫೋನಲ್ಲೂ ಇಲ್ಲ.

ಸಾಕು ನಿಲ್ಲಿಸು. ಉಸಿರು ಕಟ್ಟತ್ತೆ ನಿಂಗೆ.

ಹೆಡ್‌ಫೋನ್ ತೆಗೆದಿಟ್ಟೆ ನೋಡು. ಬಯ್ಯಿ. ಎಷ್ಟು ಬೇಕಾದ್ರೂ ಬಯ್ಯಿ ಮಾರಾಯ್ತಿ.

ಒಂದು ವರ್ಷ ಆಗ್ತಾ ಬಂತು. ಮೊದಲು ಕುಕ್ಕರು ಹೋಯ್ತು, ಆಮೇಲೆ ಫೋನು. ಹಕ್ಕಿ ಯಾವಾಗ ಹೋಯ್ತೋ ಗೊತ್ತೇ ಆಗ್ಲಿಲ್ಲ. ಡಾಕ್ಟರ್ ಹತ್ರ ಹೋಗಿದ್ದೆ, ಇಲ್ಲ ಅನ್ನಲ್ಲ. ಗಾಜಿನ ರೂಮಲ್ಲಿ ಕೂರಿಸಿ, ಶಬ್ದ ಕೇಳಿದಾಗ ಬಟನ್ ಒತ್ತಿ ಅಂದ್ರು. ನಾನು ಕಾಯ್ತಾ ಕೂತೆ. ಯಾವಾಗ ಶುರು ಮಾಡ್ತಾರೋ ಅಂತ ಕಾಯ್ತಾ ಕೂತಿದೀನಿ, ಆಚೆ ಆ ಹುಡುಗಿ ಮುಗೀತು ಅಂತ ಬಾಗಿಲು ತೆಗೆದ್ಲು! ನಗು ಬಂತಾ? ನಂಗೂ ಆಗ ಬಂತು. ಕೆಳಗಿನ ಶಬ್ದ ಎಲ್ಲ ಚೆನ್ನಾಗಿದೆ ಅಂದ್ರು, ಮಾತು, ಡ್ರಮ್ಮು, ಗಾಡಿ. ಮೇಲಿನದು ಹೋಗಿದೆ. ಅಷ್ಟು ವರ್ಷ ಸ್ಪೀಕರ್ ಪಕ್ಕದಲ್ಲೇ ಮಲಗಿ ಎದ್ದವನಿಗೆ ಇನ್ನೇನಾಗತ್ತೆ?

ಹೌದು, ನಿಮಗೆಲ್ಲ "ನಿಂಗೆ ಹೆಂಗನಿಸ್ತು, ನೀನೇ ಹೇಳು" ಅಂತ ಕೇಳ್ತಿದ್ದಿದ್ದು ಅದಕ್ಕೇ. ನೀವು ಹೇಳಿದ್ದನ್ನೇ ನನ್ನ ಅಭಿಪ್ರಾಯ ಅಂತ ವಾಪಸ್ ಕೊಡ್ತಿದ್ದೆ. ನೀವು ಖುಷಿಯಾಗಿ, ಮುನಿಯಣ್ಣನ ಕಿವಿ ಅಂದ್ರೆ ಕಿವಿ ಅಂತಿದ್ರಿ!

ವಿಡಿಯೋ? ಯಾವ ವಿಡಿಯೋ... ಭಾನುವಾರದ್ದಾ? ಸೂರ್ಯ ಮಾಡಿದ್ನಾ? ಹಾಡಿಗೆ ಮ್ಯೂಸಿಕ್ ಟ್ರ್ಯಾಕ್ ಹಾಕೋದು ಬಿಟ್ಟು ವಿಡಿಯೋ ಬೇರೆ ಮಾಡ್ತಾನಾ ಆ ಹುಡುಗ! ತೋರಿಸ್ಬೇಡ. ಬೇಡ ಇಡು. ಏನಿದೆ ಅಂತ ಗೊತ್ತು ನಂಗೆ. ಸೀಟಿ ಮೊದಲು. ಕೈ ಆಮೇಲೆ. ಆ ಶಬ್ದ ಕಿವಿಗೆ ಇರೀತು, ಅದಕ್ಕೆ ಪಾಪ ಅವಳು ಕೈ ಎತ್ತಿದ್ಲು.

ಗೊತ್ತಿತ್ತಾ ಅಂದ್ರೆ... ಅವತ್ತು ಆ ಕ್ಷಣ ಗೊತ್ತಿರ್ಲಿಲ್ಲ ತೇಜು, ಆಣೆ. ಎಲ್ಲಾರ ಧ್ವನಿ ನಂಗೆ ಕಂಬಳಿ ಹೊದ್ದ ಹಂಗೆ ಕೇಳ್ತಿತ್ತು. ಸ್ವಲ್ಪ ಚೂಪು ಬರ್ಲಿ ಅಂತ ಟ್ರೆಬಲ್ ಏರಿಸ್ದೆ. ಇನ್ನೂ ಬರ್ಲಿಲ್ಲ, ಇನ್ನೂ ಏರಿಸ್ದೆ. ಪೂರ್ತಿ ತಿರುಗಿಸಿ ಕೂತಿದ್ದೆ! ಸೀಟಿ ಹೊಡೀದೆ ಇರತ್ತಾ? ಜನ ಕಿವಿ ಮುಚ್ಕೊಂಡಾಗ್ಲೇ ಏನೋ ಆಗಿದೆ ಅಂತ ತಿಳಿದಿದ್ದು. ಎಲ್ಲಾರೂ ನನ್ನನ್ನೇ ನೋಡ್ತಿದ್ರು, ಅವಳ ಕೈ ಕಂಡ್ತು, ಬಾಯಿಗೆ ಬಂದಿದ್ದು ಅಂದ್ಬಿಟ್ಟೆ. ಆಮೇಲೆ ಸಾಮಾನು ಕಟ್ಟುವಾಗ ಆ ಟ್ರೆಬಲ್ ಗುಂಡಿ ನೋಡ್ದೆ. ಆವಾಗ ಗೊತ್ತಾಯ್ತು. ಸೊನ್ನೆಗೆ ತಿರುಗಿಸಿಟ್ಟು ಬಂದೆ. ಯಾರಿಗೂ ಹೇಳ್ಲಿಲ್ಲ. ಸೋಮವಾರ, ಮಂಗಳವಾರ, ಬುಧವಾರ... ಹೇಳ್ಲಿಲ್ಲ.

ನಾಜಿಶ್‌ಗೆ ಫೋನ್ ಮಾಡು. ನೀನೇ ಮಾಡು, ನನ್ನ ನಂಬರ್ ಎತ್ತಲ್ಲ ಅವಳು. ಸ್ಪೀಕರ್ ಹಾಕು. ಎತ್ತಿದ್ಲಾ?

ಹಲೋ ನಾಜಿಶ್... ನಾನಮ್ಮ, ಮುನಿಯಣ್ಣ. ಇಡ್ಬೇಡ, ಇಡ್ಬೇಡ! ಒಂದೇ ಮಾತು. ಅವತ್ತು ತಪ್ಪು ನಂದು. ನಿಂದಲ್ಲ. ಸೀಟಿ ಬಂದ ಮೇಲೆ ನೀನು ಕೈ ಎತ್ತಿದ್ದು, ಸುಳ್ಳು ಹೇಳಿದ್ದು ನಾನು. ಶನಿವಾರ ನಿನ್ನ ಹಾಡು ನೀನೇ ಹಾಡ್ಬೇಕು... ತೇಜು, ಏನಂತಾಳೆ? ಬೈತಿದಾಳಾ? ಪೂರ್ತಿ ದಖನಿ ಉರ್ದೂಲೇ ಬೈತಿದಾಳಲ್ಲ! ಬಯ್ಲಿ, ಬಯ್ಲಿ. ಅದಷ್ಟೂ ಕೇಳಿಸ್ತಿದೆ ನಂಗೆ, ಒಂದಕ್ಷರ ಬಿಟ್ಟಿಲ್ಲ.

ಈಗೇನಂದ್ಲು? ಮೆತ್ತಗೆ ಅಂದಿದ್ದು ಸಿಗ್ಲಿಲ್ಲ. ಅಮ್ಮನ ಮುಂದೆ ಬಂದು ಹೇಳ್ಬೇಕಂತಾ? ಫೋನಲ್ಲಿ ಹೇಳಿದ್ರೆ ನಂಬಲ್ಲ ಅಂತಾ. ಸರಿ. ನ್ಯಾಯ. ಬರ್ತೀನಿ ಅನ್ನು. ಇವತ್ತೇ, ಬೆಳಕಿರೋ ಹಂಗೇ ಲಿಂಗರಾಜಪುರಕ್ಕೆ ಬರ್ತೀನಿ ಅನ್ನು.

ಆಯ್ತು. ಯಮುನಾಗೆ ನಾಳೆ ಬರ್ಬೇಡ ಅಂತ ಹೇಳ್ಬಿಡು. ಈ ವೈರಿನ ತುದಿ ಹಿಡ್ಕೊ, ಸುತ್ತಬೇಕು. ಎಳೀಬೇಡ, ಅದು ತಾನಾಗೇ ಸುತ್ತಿಕೊಳ್ಳತ್ತೆ. ಮೂರನೇದೇ ತಗೊಳ್ಳಿ ಶನಿವಾರಕ್ಕೆ, ಅದರಲ್ಲಿ ಅನುಮಾನ ಬೇಡ. ಮಿಕ್ಸರಲ್ಲಿ ಸೂರ್ಯನ್ನ ಕೂರಿಸು. ಎಳೇ ಕಿವಿ ಅವನದು. ಎಲ್ಲಿ ಮುಟ್ಟಬೇಕು, ಎಲ್ಲಿ ಮುಟ್ಟಬಾರದು ಅಂತ ಪ್ರತಿ ಗುಂಡಿ ಪಕ್ಕ ಟೇಪ್ ಅಂಟಿಸಿ ಬರೆದಿಟ್ಟಿದೀನಿ. ಅಕ್ಷರ ಏಳನೇ ಕ್ಲಾಸಿಂದೇ, ಓದ್ಕೋತಾನೆ.

ಇಲ್ಲ ತೇಜು, ನಿಲ್ಲಲ್ಲ. ಕಿವಿಗೆ ಮಿಷಿನ್ ಹಾಕಿಸ್ಕೋ ಅಂತೀಯಾ? ಹಾಕಿಸ್ತೀನಿ, ಯಾವತ್ತಾದ್ರೂ. ಆದ್ರೆ ಮಿಕ್ಸರ್ ಮುಂದೆ ಇನ್ನು ಕೂರಲ್ಲ. ಹೊಸಪೇಟೆ ಕಡೆ ನಾಟಕ ಕಂಪನಿಯೋರು ಕರೀತಿದ್ರು, ಪೆಂಡಾಲ್ ಹಾಕೋಕೆ ಜನ ಬೇಕಂತೆ. ಗಳ ನಿಲ್ಲಿಸೋಕೆ ತೋಳಿದ್ರೆ ಸಾಕು. ಅಳೋದೇನಿದೆ ಇದರಲ್ಲಿ? ನಾನು ಹೋಗೋದು ಹೊಸದಾ? ಆ ಸ್ಪ್ಯಾನರ್ ಕೊಡು, ಇಕ್ಕಳ ಕೊಡು. ಸ್ಕ್ರೂಡ್ರೈವರ್ ಇರ್ಲಿ, ಸೂರ್ಯನಿಗೆ ಬೇಕಾಗತ್ತೆ. ಆ ಲುಂಗಿ ನಂದೇ. ಬ್ಯಾಗಿನ ಜಿಪ್ಪು ಹಾಳಾಗಿದೆ, ಒಂದು ಕೈ ಹಿಡಿ... ಹಾಂ.

ಒಂದು ಹೇಳು ನಂಗೆ. ಮೆಹರುನ್ನೀಸಾ ಬಾಗಿಲು ತೆಗೀತಾರೆ, ಸಲಾಂ ಅಂತೀನಿ. ಆಮೇಲೆ? ನಿಮ್ಮ ಮಗಳದ್ದು ತಪ್ಪಿಲ್ಲ, ತಪ್ಪು ನಂದು ಅಂತೀನಿ. ಅಷ್ಟು ಸಾಕಲ್ವಾ?

ಸಾಕಾಗಲ್ವಾ... ಕಿವಿ ವಿಷಯಾನೂ ಹೇಳ್ಬೇಕಾ? ಅವರ ಮುಂದೆ, ಆ ಓಣಿ ಜನದ ಮುಂದೆ, ಸೌಂಡ್ ಮುನಿಗೆ ಕಿವಿ ಕೇಳಲ್ಲ ಅಂತ?

ತಲೆ ಆಡಿಸ್ತಿದ್ದೀಯ, ಹೇಳ್ಲೇಬೇಕು ಅಂತ.

ಹೂಂ. ಹೇಳ್ತೀನಿ. ಬಾಗಿಲು ಹಾಕ್ಕೊ, ಲಿಂಗರಾಜಪುರದ ಬಸ್ ಹೊರಟು ಹೋಗತ್ತೆ.